ತಾರಸಿಗೂ ಒಂದು ಕೋಡಿ ಬೇಕು

2022ರ ಸೆಪ್ಟೆಂಬರ್ ಮೊದಲ ವಾರ. ಮಾರಿಕಣಿವೆ ಕೋಡಿ ಬಿದ್ದಿತ್ತು. ನಮ್ಮ ಚಿತ್ರದುರ್ಗ ಜಿಲ್ಲೆಯವರಿಗೆ ಅದೆಂಥ ಸುದ್ದಿ ಅಂತ ಬೇರೆ ಜಿಲ್ಲೆಯವರಿಗೆ ಹೇಳಿದರೆ ಅರ್ಥ ಆಗೋದು ಕಷ್ಟ. 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ತುಂಬಿ ಹರಿದಿತ್ತು. ಅದಾದ ಮೇಲೆ ಮತ್ತೆ ಕೋಡಿ ಬೀಳೋಕೆ 89 ವರ್ಷ ಬೇಕಾಯಿತು. ಜನ ಟ್ರ್ಯಾಕ್ಟರ್ ಕಟ್ಟಿಕೊಂಡು ನೋಡೋಕೆ ಬರ್ತಿದ್ದರು. ನಾನು ಸ್ಟುಡಿಯೋದಲ್ಲಿ ಅದೇ ದೃಶ್ಯ ಇಟ್ಟುಕೊಂಡು ಒಂದೂವರೆ ಗಂಟೆ ಮಾತಾಡಿದೆ.

ಬ್ರೇಕ್‌ನಲ್ಲಿ ಫೋನ್ ತೆಗೆದು ನೋಡಿದರೆ ಹಿರಿಯೂರಿನಿಂದ ಅಮ್ಮನ ಆರು ಮಿಸ್ಡ್ ಕಾಲ್. ವಾಪಸ್ ಮಾಡಿದೆ.

"ಡ್ಯಾಮ್ ಕೋಡಿ ಆಮೇಲೆ ತೋರ್ಸೀಯಂತೆ ಕಣಪ್ಪ. ಮೊದ್ಲು ನಮ್ಮನೆ ಹಾಲು ನೋಡು ಬಾ. ನಿಮ್ಮಪ್ಪ ಪೇಪರ್ ಓದೋ ಕುರ್ಚಿ ಮೇಲೆ ಗಾರೆ ಕಳಚಿ ಬಿದ್ದೈತೆ."

ಅಪ್ಪ ಆ ಹೊತ್ತಿಗೆ ಬಚ್ಚಲಿಗೆ ಹೋಗಿದ್ದರು. ಕುರ್ಚಿಯ ಹಿಡಿ ಮುರಿದಿತ್ತು. ಬಿದ್ದ ಗಾರೆ ಚಪ್ಪಡಿಯನ್ನ ಅಮ್ಮ ತಕ್ಕಡಿಗೆ ಹಾಕಿದರಂತೆ, ನಾಲ್ಕು ಕೆಜಿ.

ಇಲ್ಲಿ ಒಂದು ತಪ್ಪೊಪ್ಪಿಗೆ ಇದೆ. ಆ ಹಾಲಿನ ಮೂಲೆಯಲ್ಲಿ ತೇವದ ಮಚ್ಚೆ ಕಾಣಿಸಿಕೊಂಡು ಆಗಲೇ ಮೂರು ವರ್ಷ ಆಗಿತ್ತು. ಅಪ್ಪ ನನ್ನನ್ನ ಕೇಳಿದ್ದರು. ಮನೆಯಲ್ಲಿ ಇಂಜಿನಿಯರಿಂಗ್ ಓದಿದವನು ನಾನೊಬ್ಬನೇ ತಾನೇ? ನಾನು ಟಿವಿಯಲ್ಲಿ ಜಾಹೀರಾತು ನೋಡಿದವನ ಹಾಗೆ, "ಮೇಲೆ ವಾಟರ್‌ಪ್ರೂಫ್ ಕೋಟಿಂಗ್ ಹೊಡೆಸಿಬಿಡಿ" ಅಂದೆ. ಹೊಡೆಸಿದರು. 42 ಸಾವಿರ ರೂಪಾಯಿ ಆಯಿತು. ಬಿಳಿ ಬಣ್ಣದ ತಾರಸಿ ಫೋಟೋದಲ್ಲಿ ಚೆನ್ನಾಗಿ ಕಾಣ್ತಿತ್ತು. ಎರಡನೇ ಮಳೆಗಾಲಕ್ಕೆ ಅದು ಹಾವಿನ ಪೊರೆ ಬಿಟ್ಟ ಹಾಗೆ ಬಿಡ್ತು. ಮೂರನೇ ಮಳೆಗಾಲಕ್ಕೆ ಗಾರೆ ಬಿತ್ತು.

ಆ ವಾರ ಊರಿಗೆ ಹೋದೆ. ಅಪ್ಪನಿಗೆ ಪರಿಚಯದ ಒಬ್ಬ ಹಳೇ ಮೇಸ್ತ್ರಿಯನ್ನ ಕರೆಸಿದ್ದರು. ಎಪ್ಪತ್ತು ದಾಟಿದ ಮನುಷ್ಯ. ಯಾವ ಉಪಕರಣವನ್ನೂ ತಂದಿರಲಿಲ್ಲ. ತಾರಸಿಗೆ ಹತ್ತಿದವರು ಒಂದು ಬಕೆಟ್ ನೀರು ತರಿಸಿದರು. ಒಂದು ಮೂಲೆಯಲ್ಲಿ ನಿಧಾನಕ್ಕೆ ಸುರಿದರು.

"ಅದ್ರ ಪಾಡಿಗೆ ಅದು ಎಲ್ಲಿಗೆ ಹೋಗ್ತೈತೆ ನೋಡು ತಮ್ಮಾ."

ಪೈಪು ಇದ್ದದ್ದು ಎದುರು ಮೂಲೆಯಲ್ಲಿ. ನೀರು ಅತ್ತ ತಲೆಯೂ ಹಾಕಲಿಲ್ಲ. ನೇರವಾಗಿ ತಾರಸಿ ನಡುವಿಗೆ ಹೋಗಿ, ಹಾಲಿನ ತಲೆ ಮೇಲೆ, ತಟ್ಟೆಯ ಹಾಗೆ ಹರಡಿಕೊಂಡು ನಿಂತುಬಿಟ್ಟಿತು.

"ನೀರಿಗೆ ದಾರಿ ಕೊಡ್ದೆ ಬರೇ ಬಾಗ್ಲು ಹಾಕಿದ್ರೆ ಅದು ಎಲ್ಲಿಗೆ ಹೋಗ್ಬೇಕು? ವಾಟ ಇಲ್ಲ ಕಣಪ್ಪ ಇದಕ್ಕೆ, ವಾಟ."

ನಾನು ಓದಿದ್ದು ಮೆಕ್ಯಾನಿಕಲ್. ಫ್ಲೂಯಿಡ್ ಮೆಕ್ಯಾನಿಕ್ಸ್ ಪಾಸಾದವನು. ನೀರು ತಗ್ಗಿಗೆ ಹರಿಯುತ್ತೆ ಅನ್ನೋದನ್ನ ಸಮೀಕರಣ ಹಾಕಿ ಸಾಧಿಸಿದವನು. ಆದರೆ ನಮ್ಮನೆ ತಾರಸಿಯ ತಗ್ಗು ಎಲ್ಲಿದೆ ಅಂತ ನೋಡೋಕೆ ಒಂದು ಬಕೆಟ್ ನೀರು ಸುರಿಯಬೇಕು ಅಂತ ಹೊಳೆದಿರಲಿಲ್ಲ.

ವಾಟ ಅಂದ್ರೆ ನೀರು ಹರಿಯೋಕೆ ಕೊಡೋ ಇಳಿಜಾರು. ಚಪ್ಪಟೆ ತಾರಸಿ ಅಂತ ಹೆಸರಿದ್ದರೂ ಅದು ಪೂರ್ತಿ ಚಪ್ಪಟೆಯಾಗಿ ಇರಬಾರದು. ನೂರಕ್ಕೆ ಒಂದರಷ್ಟಾದರೂ ಇಳಿಜಾರು ಬೇಕು. ನಮ್ಮ ಅಳತೆಯಲ್ಲಿ ಹೇಳೋದಾದರೆ ಹತ್ತು ಅಡಿಗೆ ಸುಮಾರು ಒಂದೂಕಾಲು ಇಂಚು. ಕಣ್ಣಿಗೆ ಕಾಣೋದೇ ಇಲ್ಲ, ಆದರೆ ನೀರಿಗೆ ಗೊತ್ತಾಗುತ್ತೆ.

ಹಾಗಾದರೆ ನೀರು ನಡುವಿಗೇ ಯಾಕೆ ಹೋಯಿತು? ಮೋಲ್ಡು ಹಾಕೋವಾಗ ಸೆಂಟ್ರಿಂಗ್ ಹಲಗೆಗಳನ್ನ ಮಟ್ಟಸವಾಗಿ ಕೂರಿಸಿರ್ತಾರೆ. ಸೆಂಟ್ರಿಂಗ್ ಬಿಚ್ಚಿದ ಮೇಲೆ ಸ್ಲ್ಯಾಬು ತನ್ನ ಭಾರಕ್ಕೆ ತಾನೇ ನಡುವೆ ಒಂಚೂರು ಜಗ್ಗುತ್ತೆ. ಇದು ದೋಷವೇನಲ್ಲ. ನಮ್ಮ ದೇಶದ ಕಾಂಕ್ರೀಟ್ ನಿಯಮವೇ ಇಷ್ಟು ಬಾಗಬಹುದು ಅಂತ ಮಿತಿ ಹಾಕಿದೆ: ಗೋಡೆಯಿಂದ ಗೋಡೆಗಿರುವ ಅಂತರದ 250ರಲ್ಲಿ ಒಂದು ಭಾಗ. 12 ಅಡಿ ರೂಮಿಗೆ ಲೆಕ್ಕ ಹಾಕಿ, ಅರ್ಧ ಇಂಚಿಗಿಂತ ಸ್ವಲ್ಪ ಜಾಸ್ತಿ. ಅಂದರೆ ಮಟ್ಟಸವಾಗಿ ಹಾಕಿದ ತಾರಸಿ ಕೆಲವು ವರ್ಷಕ್ಕೆ ತಾನಾಗೇ ಬಟ್ಟಲಾಗುತ್ತೆ. ಮೇಲಿನ ಗಾರೆಯಲ್ಲಿ ಇದಕ್ಕಿಂತ ಜಾಸ್ತಿ ವಾಟ ಕೊಟ್ಟಿದ್ದರೆ ಸರಿ. ಕೊಡದೇ ಇದ್ದರೆ ನೀರು ಬಟ್ಟಲಲ್ಲಿ ನಿಂತುಕೊಳ್ಳುತ್ತೆ.

ನಿಂತರೆ ಏನಾಗುತ್ತೆ? ಒಂದೇ ದಿನಕ್ಕೆ ಏನೂ ಆಗಲ್ಲ. ಸಾವಿರ ಚದರಡಿ ತಾರಸಿ ಮೇಲೆ ಒಂದಿಂಚು ನೀರು ನಿಂತರೆ ಸುಮಾರು 2,300 ಲೀಟರ್, ಎರಡು ಟನ್ನಿನ ಮೇಲೆ ಭಾರ. ಕೇಳೋಕೆ ಭಯ ಆಗುತ್ತೆ, ಆದರೆ ಸ್ಲ್ಯಾಬಿಗೆ ಅದು ಲೆಕ್ಕಕ್ಕಿಲ್ಲ. ಜನ ಓಡಾಡೋ ತಾರಸಿಯನ್ನ ಚದರ ಮೀಟರಿಗೆ 150 ಕೆಜಿ ಹೊರೋ ಹಾಗೆ ಲೆಕ್ಕ ಹಾಕಿರ್ತಾರೆ. ಒಂದಿಂಚು ನೀರು ಬರೀ 25 ಕೆಜಿ. ಅಪಾಯ ಇರೋದು ಆ ನೀರಿಗೆ ಸಿಗೋ ಸಮಯದಲ್ಲಿ. ಮಧ್ಯಾಹ್ನದ ನಮ್ಮ ಬಿಸಿಲಿಗೆ ಕಾದ ಸ್ಲ್ಯಾಬು, ಸಂಜೆ ದಿಢೀರ್ ಮಳೆಗೆ ತಣ್ಣಗಾಗುತ್ತೆ. ಹಿಗ್ಗುತ್ತೆ, ಕುಗ್ಗುತ್ತೆ, ಕೂದಲೆಳೆಯಷ್ಟು ಬಿರುಕು ಬಿಡುತ್ತೆ. ಹರಿದುಹೋಗೋ ನೀರು ಆ ಬಿರುಕನ್ನ ದಾಟಿ ಹೋಗುತ್ತೆ. ನಿಂತ ನೀರು ಅದರೊಳಗೆ ಇಳಿಯುತ್ತೆ. ದುರ್ಗದವರಿಗೆ ಕಿಂಡಿಯ ಕತೆಯನ್ನ ನಾನು ಹೇಳಬೇಕಾ? ಒಬ್ಬೊಬ್ಬರೇ ನುಸುಳೋ ಸಂದು ಇದ್ದರೆ ಸಾಕಲ್ವಾ?

ಸ್ಲ್ಯಾಬಿನ ಒಳಗೆ ಕಬ್ಬಿಣ ಇರೋದು ಕೆಳಮೈಯಿಂದ ಮುಕ್ಕಾಲು ಇಂಚಿನಷ್ಟು ಮೇಲೆ. ನೀರು ಅಲ್ಲಿಗೆ ಮುಟ್ಟಿದರೆ ತುಕ್ಕು. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಎರಡು ಪಟ್ಟು, ಅದಕ್ಕೂ ಜಾಸ್ತಿ ಜಾಗ ಕೇಳುತ್ತೆ. ಕಾಂಕ್ರೀಟಿನ ಒಳಗೆ ಜಾಗ ಎಲ್ಲಿದೆ? ಒಳಗಿನಿಂದ ತಳ್ಳಿ ಕೆಳಗಿನ ಪದರವನ್ನೇ ಒಡೆದು ಬೀಳಿಸುತ್ತೆ. ಅಪ್ಪನ ಕುರ್ಚಿ ಮೇಲೆ ಬಿದ್ದದ್ದು ಅದೇ. ಗಾರೆ ಹಿಂದೆ ಕಂದು ಬಣ್ಣದ ಕಂಬಿ ಕಾಣ್ತಿತ್ತು. ಸೂರಿನಲ್ಲಿ ಕಂದು ಗೆರೆ, ಬಡಿದರೆ ಡೊಳ್ಳು ಸದ್ದು, ಉಬ್ಬಿದ ಗಾರೆ, ಇವು ಕಂಡರೆ ಸುಣ್ಣ ಬಳಿದು ಮುಚ್ಚಬೇಡಿ. ಆ ಜಾಗದ ಕೆಳಗಿಂದ ಮೊದಲು ಮಂಚ, ತೊಟ್ಟಿಲು ಸರಿಸಿ, ಆಮೇಲೆ ಮುಂದಿನ ಮಾತು.

ನಮ್ಮದು ಬರದ ಜಿಲ್ಲೆ. ವರ್ಷಕ್ಕೆ ಬೀಳೋದು 550, 600 ಮಿಲಿಮೀಟರ್ ಮಳೆ. ಅದಕ್ಕೇ ಇಲ್ಲಿ ಯಾರೂ ತಾರಸಿ ಬಗ್ಗೆ ತಲೆ ಕೆಡಿಸಿಕೊಳ್ಳಲ್ಲ. ನೀರು ನಿಂತರೆ ಎರಡು ದಿನದ ಬಿಸಿಲು ಗಾಳಿಗೆ ಒಣಗುತ್ತೆ ಬಿಡು ಅಂತಾರೆ. ಮಳೆ ಕಡಿಮೆ ನಿಜ, ಆದರೆ ಬಂದಾಗ ಒಟ್ಟಿಗೇ ಬರುತ್ತೆ. ವರ್ಷದ ಮಳೆಯ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಸುರಿದುಹೋಗುತ್ತೆ. ಆ ಎರಡು ತಿಂಗಳು ತಾರಸಿ ಒಣಗೋಕೆ ಪುರುಸೊತ್ತೇ ಇರಲ್ಲ.

ಹೊಳಲ್ಕೆರೆ ಕಡೆ ನಮ್ಮ ಸೋದರಮಾವನ ಮನೆ ಇದೆ. ಅಡಿಕೆ ತೋಟದವರು. ಮನೆ ಕಟ್ಟಿಸೋವಾಗ ಮೇಸ್ತ್ರಿಗೆ ಅವರೇ ಹೇಳಿದ್ದರಂತೆ: "ವಾಟ ಗೀಟ ಬ್ಯಾಡ, ಕೇರಂ ಬೋರ್ಡ್ ಇದ್ದಂಗೆ ಇರ್ಲಿ, ಅಡಿಕೆ ಹರವ್ಬೇಕು." ಕೇರಂ ಬೋರ್ಡೇ ಆಯಿತು. ಅಡಿಕೆ ಸುಗ್ಗಿ ಬರೋದು ಕೊನೆಯ ಮಳೆಗಳ ಜೊತೆಗೇ. ಸಿಪ್ಪೆ, ಚೂರು, ಒಣಗಿದ ಎಲೆ ಎಲ್ಲ ಸೇರಿ ಪೈಪಿನ ಬಾಯಿ ಕಟ್ಟಿತು. ಒಂದು ರಾತ್ರಿ ಜೋರು ಮಳೆ. ಬೆಳಗ್ಗೆ ನೋಡಿದರೆ ಪ್ಯಾರಾಪಿಟ್ ಒಳಗೆ ಮೊಣಕಾಲಿಗೆ ಹತ್ತಿರ ನೀರು, ಮೇಲೆ ಅಡಿಕೆ ತೇಲುತ್ತಿತ್ತು. ಮಾವ ಅಡಿಕೆ ಹೋಯ್ತಲ್ಲ ಅಂತ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ನಾನು ಆಮೇಲೆ ಲೆಕ್ಕ ಹಾಕಿ ನೋಡಿ ಬೆವತೆ. ಒಂದು ಅಡಿ ನೀರು ಅಂದ್ರೆ ಚದರ ಮೀಟರಿಗೆ 300 ಕೆಜಿ. ಸ್ಲ್ಯಾಬಿಗೆ ಲೆಕ್ಕ ಹಾಕಿದ ಭಾರದ ಎರಡರಷ್ಟು. ಕೆಳಗೆ ಮನೆಮಂದಿಯೆಲ್ಲ ಮಲಗಿದ್ದರು.

ಈಗ ಮಾರಿಕಣಿವೆಗೆ ವಾಪಸ್ ಬರೋಣ. ಆ ಅಣೆಕಟ್ಟೆ ಕೋಡಿ ಬಿದ್ದದ್ದನ್ನ ನಾವು ಹಬ್ಬ ಮಾಡಿದೆವು. ಆದರೆ ಕೋಡಿ ಯಾಕಿದೆ ಅಂತ ಯೋಚನೆ ಮಾಡಿದ್ದೀರಾ? 89 ವರ್ಷ ಬೇಕಾಗದೇ ಇದ್ದದ್ದನ್ನ ಕಟ್ಟಿದವರು ಯಾಕೆ ಕಟ್ಟಿದರು? ನೀರು 130 ಅಡಿ ದಾಟಿದ ದಿನ ಕಟ್ಟೆಯ ತಲೆ ಮೇಲೆ ಹತ್ತದೇ ತನ್ನ ದಾರಿ ಹಿಡಿದು ಹೋಗಲಿ ಅಂತ. ನಮ್ಮ ಸೀಮೆಯ ಯಾವ ಕೆರೆ ನೋಡಿ, ತೂಬೂ ಇರುತ್ತೆ, ಕೋಡಿಯೂ ಇರುತ್ತೆ. ತೂಬು ದಿನನಿತ್ಯಕ್ಕೆ, ಕೋಡಿ ಆಪತ್ತಿಗೆ. ದುರ್ಗದ ಕೋಟೆಯಲ್ಲೂ ಇದೇ ಬುದ್ಧಿ: ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರಿನ ಸಂತೆ ಹೊಂಡಕ್ಕೆ. ಬಂಡೆಯ ಇಳಿಜಾರನ್ನೇ ವಾಟ ಮಾಡಿಕೊಂಡಿದ್ದರು.

ಸುತ್ತ ಮೂರಡಿ ಪ್ಯಾರಾಪಿಟ್ ಕಟ್ಟಿದ ತಾರಸಿಯೂ ಒಂದು ಕೆರೆ ತಾನೇ? ಅದಕ್ಕೆ ನಾವು ತೂಬು ಮಾತ್ರ ಇಡ್ತೀವಿ, ನಾಲ್ಕಿಂಚಿನ ಪೈಪು. ಎಷ್ಟೋ ಮನೆಯಲ್ಲಿ ಅದೂ ಒಂದೇ. ಕೋಡಿ ಇಡೋದನ್ನ ಮರೆತಿದ್ದೀವಿ.

ನಮ್ಮ ಅಜ್ಜಿ ಮನೆ ಮಾಳಿಗೆ ಮನೆ. ತೊಲೆ, ಅದರ ಮೇಲೆ ಜಂತೆ, ಅದರ ಮೇಲೆ ಸೊಪ್ಪು, ಮಣ್ಣು, ಎಲ್ಲಕ್ಕಿಂತ ಮೇಲೆ ಚೌಳು ಮಣ್ಣು. ಕೆಲವು ಕಡೆ ಕರಲು ಮಣ್ಣು ಅಂತಾರೆ. ಬೆಳೆ ಬೆಳೆಯೋಕೆ ಬಾರದ ಉಪ್ಪಿನ ಮಣ್ಣನ್ನ ಮಾಳಿಗೆಗೇ ಯಾಕೆ ಹಾಕ್ತಿದ್ದರು? ಅದರಲ್ಲಿರೋ ಸೋಡಿಯಂ ಜೇಡಿಯ ಕಣಗಳನ್ನ ಬಿಡಿಬಿಡಿ ಮಾಡುತ್ತೆ. ಒದ್ದೆಯಾದಾಗ ಆ ಸಣ್ಣ ಕಣಗಳು ಮಣ್ಣಿನ ಸಂದುಗಳನ್ನ ಮುಚ್ಚಿಕೊಳ್ಳುತ್ತವೆ, ನೀರು ಕೆಳಗಿಳಿಯಲ್ಲ. ಹೊಲದಲ್ಲಿ ಶಾಪವಾದ ಗುಣವೇ ಸೂರಿನ ಮೇಲೆ ವರ. ಅಷ್ಟು ಒಳ್ಳೆ ವಾಟರ್‌ಪ್ರೂಫ್ ಇದ್ದೂ ಅವರು ಮಾಳಿಗೆಯನ್ನ ಒಂದು ಕಡೆಗೆ ಇಳಿಜಾರು ಮಾಡಿ, ಗೋಡೆಯಿಂದ ಒಂದೆರಡು ಅಡಿ ಆಚೆಗೆ ಚಾಚಿದ ದೋಣಿ ಇಡ್ತಿದ್ದರು. ಮಳೆಗಾಲಕ್ಕೆ ಮುಂಚೆ ವರ್ಷಾ ವರ್ಷ ಮೇಲೆ ಹತ್ತಿ ಮಣ್ಣು ಸರಿ ಮಾಡ್ತಿದ್ದರು. ಈಗ ಹಳ್ಳಿಗಳಲ್ಲಿ ಉಳಿದಿರೋ ಮಾಳಿಗೆ ಮನೆಗಳು ಜೋರು ಮಳೆಗೆ ಕುಸಿದ ಸುದ್ದಿ ಓದೋವಾಗೆಲ್ಲ ನನಗೆ ಅನ್ನಿಸೋದು, ಮಣ್ಣು ಹಾಕೋ ಕೈಗಳು ಬೆಂಗಳೂರಿಗೆ ಬಂದುಬಿಟ್ಟಿವೆ. ನನ್ನ ಕೈಯೂ ಸೇರಿ. ಅಂಥ ಮನೆಯಲ್ಲಿ ವಯಸ್ಸಾದವರು ಇದ್ದರೆ, ಎರಡು ದಿನ ಬಿಡದೆ ಮಳೆ ಹಿಡಿದಾಗ ಪಕ್ಕದ ಮನೆಗೋ ಶಾಲೆಗೋ ಕರ್ಕೊಂಡು ಹೋಗಿ. ನೆನೆದ ಮಣ್ಣಿನ ಭಾರ ಬೇರೆಯದೇ.

ನಮ್ಮನೆ ತಾರಸಿಗೆ ಮೇಸ್ತ್ರಿ ಏನು ಮಾಡಿದರು ಅಂತ ಹೇಳ್ತೀನಿ, ನಿಮಗೂ ಉಪಯೋಗಕ್ಕೆ ಬರಬಹುದು.

ಮೊದಲು ಮಳೆ ನಿಂತು ಎರಡು ದಿನ ಆದ ಮೇಲೆ ಬಂದು, ಇನ್ನೂ ನೀರು ನಿಂತಿದ್ದ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಸುತ್ತು ಹಾಕಿದರು. ಮೂರು ಕಡೆ ಇತ್ತು. ಒಂದು ಹಾಲಿನ ಮೇಲೆ, ಒಂದು ನೀರಿನ ಟ್ಯಾಂಕಿನ ಕಟ್ಟೆ ಹಿಂದೆ, ಇನ್ನೊಂದು ಪೈಪಿನ ಬಾಯಿಯ ಪಕ್ಕದಲ್ಲೇ! ಪೈಪಿನ ಬಾಯಿ ನೆಲಕ್ಕಿಂತ ಅರ್ಧ ಇಂಚು ಎತ್ತರದಲ್ಲಿತ್ತು. ನಿಮ್ಮ ಮನೆಯಲ್ಲೂ ಹೋಗಿ ನೋಡಿ, ಹತ್ತಕ್ಕೆ ಐದು ಮನೆಯಲ್ಲಿ ಹೀಗೇ ಇರುತ್ತೆ ಅನ್ನೋದು ಮೇಸ್ತ್ರಿಯ ಮಾತು. ತೂಬು ಕೆರೆಯ ತಳಕ್ಕಿಂತ ಮೇಲಿದ್ದರೆ ಕೆರೆ ಖಾಲಿಯಾಗೋದು ಹೇಗೆ? ಆ ಜಾಗವನ್ನ ಒಡೆದು, ಬಾಯಿಯನ್ನ ಒಂದಿಂಚು ತಗ್ಗಿಸಿ, ಸುತ್ತ ಒಂದು ಸಣ್ಣ ತಗ್ಗು ಮಾಡಿದರು. ಈ ಕೆಲಸಕ್ಕೆ ಅರ್ಧ ದಿನ ಹಿಡಿಯಿತು. ಒಟ್ಟು ತೊಂದರೆಯಲ್ಲಿ ಅರ್ಧ ಅಲ್ಲೇ ಮುಗಿದಿತ್ತು.

ನಾನು, "ಹಾಗಾದ್ರೆ ಇದರ ಮೇಲೇ ಇನ್ನೆರಡು ಇಂಚು ಕಾಂಕ್ರೀಟ್ ಹಾಕಿ ವಾಟ ಮಾಡಿಬಿಡಿ" ಅಂದೆ. ಮೇಸ್ತ್ರಿ ತಲೆಯಾಡಿಸಿದರು. ಯಾಕೆ ಅಂತ ಅವರು ಹೇಳೋ ಮೊದಲೇ ನನ್ನೊಳಗಿನ ಇಂಜಿನಿಯರ್ ಎಚ್ಚರ ಆದ. ಎರಡು ಇಂಚು ಕಾಂಕ್ರೀಟ್ ಅಂದ್ರೆ ಚದರ ಮೀಟರಿಗೆ 120 ಕೆಜಿ. ತಾರಸಿ ಹೊರಬೇಕಾದ ಭಾರದ ಬಹುಪಾಲು ಅದೇ ತಿಂದುಹಾಕುತ್ತೆ. ಸೋರಿದಾಗಲೆಲ್ಲ ಹಳೇ ಗಾರೆ ಮೇಲೆ ಹೊಸ ಗಾರೆ ಹಾಕಿಸಿದ ಮನೆಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ದಯವಿಟ್ಟು ಹಾಗೆ ಮಾಡಬೇಡಿ. ಹಳೇದನ್ನ ಕಿತ್ತು ತೆಗೆದು, ಆಮೇಲೆ ಹೊಸದು.

ಹಳೇ ಗಾರೆ ಕಿತ್ತರು. ತುಕ್ಕು ಹಿಡಿದ ಕಂಬಿಯನ್ನ ಕೆಳಗಿನಿಂದ ಉಜ್ಜಿ, ತುಕ್ಕು ತಡೆಯೋ ಬಣ್ಣ ಬಳಿದು, ರಿಪೇರಿ ಗಾರೆ ತುಂಬಿದ್ದು ಬೇರೆಯವರು. ಅದಕ್ಕೆ ಒಬ್ಬ ಸಿವಿಲ್ ಇಂಜಿನಿಯರ್ ಬಂದು ನೋಡಿದ ಮೇಲೇ ಕೈ ಹಾಕಿದ್ದು. ಕಂಬಿ ಕಾಣೋ ಹಂತಕ್ಕೆ ಹೋಗಿದ್ದರೆ ನೀವೂ ಹಾಗೇ ಮಾಡಿ, ಇದು ಮೇಸ್ತ್ರಿ ಮಟ್ಟದಲ್ಲಿ ಮುಗಿಯೋ ಕೆಲಸ ಅಲ್ಲ. ತಾರಸಿ ಮೇಲೆ ಮೇಸ್ತ್ರಿ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ಹಿಡಿದರು. ದೂರದ ಮೂಲೆ ಎತ್ತರ, ಪೈಪಿನ ಬಾಯಿ ತಗ್ಗು, ನಡುವೆ ದಾರ ಕಟ್ಟಿ ದಾರದ ಗುಂಟ ಗಾರೆ. ಗೋಡೆ ಮತ್ತು ನೆಲ ಸೇರೋ ಮೂಲೆಯನ್ನ ದುಂಡಗೆ ಮಾಡಿದರು, ಅಲ್ಲೇ ನೀರು ಮೊದಲು ಕದ್ದು ಇಳಿಯೋದು. ಒಂದು ವಾರ ನೀರುಣಿಸಿ, ಪೂರ್ತಿ ಒಣಗಿದ ಮೇಲೆ ಕೋಟಿಂಗ್.

ಕೋಟಿಂಗ್ ಬೇಡ ಅಂತ ನಾನು ಹೇಳ್ತಿಲ್ಲ. ಅದರ ಸರದಿ ಕೊನೆಗೆ. ಸಾಮಾನ್ಯವಾಗಿ ನಮ್ಮ ಮನೆಗಳಿಗೆ ಹೊಡೆಯೋ ನೀರು ಬೆರೆಸಿದ ಅಕ್ರಿಲಿಕ್ ಬಣ್ಣಗಳು ಮಳೆ ಬಿದ್ದು ಹರಿದುಹೋಗೋ ಮೇಲ್ಮೈಗೆ ಸರಿ. ದಿನಗಟ್ಟಲೆ ನೀರಲ್ಲಿ ಮುಳುಗಿದ್ದರೆ ಮೆತ್ತಗಾಗಿ ಬಿಡುತ್ತವೆ. ಒದ್ದೆ ಸ್ಲ್ಯಾಬಿನ ಮೇಲೆ ಹೊಡೆದರಂತೂ ಒಳಗಿನ ತೇವ ಬಿಸಿಲಿಗೆ ಆವಿಯಾಗಿ ಗುಳ್ಳೆ ಎಬ್ಬಿಸುತ್ತೆ. ನಮ್ಮ 42 ಸಾವಿರ ಹೋದದ್ದು ಹೀಗೆ.

ಇನ್ನು ತಾರಸಿ ಮೇಲೆ ತಗಡಿನ ಶೀಟು ಹಾಕಿಸೋದು. ಹೊಸದುರ್ಗದ ನನ್ನ ಸ್ನೇಹಿತನೊಬ್ಬ ಇದನ್ನೇ ಪರಿಹಾರ ಅಂದುಕೊಂಡ. ಗುಡ್ಡದ ಮೇಲೆಲ್ಲ ಗಾಳಿಯಂತ್ರ ತಿರುಗೋ ಜಿಲ್ಲೆ ನಮ್ಮದು, ಆ ಗಾಳಿ ಶೀಟನ್ನ ಸುಮ್ಮನೆ ಬಿಡುತ್ತಾ? ಎರಡು ಶೀಟು ಹಾರಿ ರಸ್ತೆಗೆ ಬಿದ್ದವು. ಅದೃಷ್ಟಕ್ಕೆ ಅದು ಭಾನುವಾರದ ಮಧ್ಯಾಹ್ನ.

ಪೈಪಿನ ಲೆಕ್ಕವನ್ನೂ ಒಮ್ಮೆ ಹೇಳಿಬಿಡ್ತೀನಿ. ಗಂಟೆಗೆ 100 ಮಿಲಿಮೀಟರ್ ರಭಸದಲ್ಲಿ ಸುರಿಯೋ ಮಳೆಗೆ ನಾಲ್ಕಿಂಚಿನ ಒಂದು ಪೈಪು ಸುಮಾರು 40 ಚದರ ಮೀಟರ್ ತಾರಸಿಯ ನೀರನ್ನ ಇಳಿಸಬಲ್ಲದು. ಸಾವಿರ ಚದರಡಿ ಅಂದ್ರೆ 93 ಚದರ ಮೀಟರ್. ಎರಡು ಪೈಪು ಸಾಲಲ್ಲ, ಕಡಿಮೆ ಅಂದ್ರೂ ಮೂರು ಬೇಕು. ಬಾಯಿಗೆ ಗುಮ್ಮಟದ ಹಾಗೆ ಉಬ್ಬಿದ ಜಾಲರಿ ಹಾಕಿಸಿ. ಚಪ್ಪಟೆ ಜಾಲರಿ ಮೇಲೆ ಒಂದು ಹಾಲಿನ ಕವರ್ ಕೂತರೆ ಕತೆ ಮುಗೀತು.

ಪೈಪು ಇಳಿದ ನೀರು ಎಲ್ಲಿಗೆ? ಭದ್ರಾ ಮೇಲ್ದಂಡೆ ನೀರು ಯಾವಾಗ ಬರುತ್ತೆ, ಕೇಂದ್ರ ಘೋಷಿಸಿದ 5,300 ಕೋಟಿ ಎಲ್ಲಿ ಅಂತ ನಾನು ಎಷ್ಟು ಸಲ ಸ್ಟುಡಿಯೋದಲ್ಲಿ ದನಿ ಎತ್ತರಿಸಿದ್ದೀನೋ ಲೆಕ್ಕ ಇಲ್ಲ. ಮುಂದೆಯೂ ಕೇಳ್ತೀನಿ. ಅದೇ ಹೊತ್ತಿಗೆ ನಮ್ಮನೆ ತಾರಸಿ ಮೇಲೆ ವರ್ಷಕ್ಕೆ ಬೀಳೋ 50 ಸಾವಿರ ಲೀಟರ್ ನೀರು ಚರಂಡಿಗೆ ಹೋಗ್ತಿತ್ತು. ನಮ್ಮ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ, ಹಲ್ಲು ಕಂದಾದ ಮಕ್ಕಳನ್ನ ನೀವೂ ನೋಡಿರ್ತೀರಿ. ಮಳೆ ನೀರಲ್ಲಿ ಆ ತೊಂದರೆ ಇಲ್ಲ. ಮೊದಲ ಮಳೆಯ ಕೊಳೆ ನೀರನ್ನ ಹೊರಗೆ ಬಿಟ್ಟು, ಉಳಿದದ್ದನ್ನ ಸೋಸಿ ಸಂಪಿಗೆ ಬಿಡಿ. ಕುಡಿಯೋಕೆ ಬಳಸೋದಾದರೆ ಕುದಿಸಿ. ಸಂಪು ತುಂಬಿದರೆ ಇಂಗುಗುಂಡಿಗೆ.

ಕೊನೆಯ ಕೆಲಸ ಕೋಡಿಯದ್ದು. ಪೈಪಿನ ಹತ್ತಿರ, ಪ್ಯಾರಾಪಿಟ್ ಗೋಡೆಯಲ್ಲಿ, ನೆಲದಿಂದ ಎರಡು ಇಂಚು ಮೇಲೆ ಒಂದು ಇಟ್ಟಿಗೆಯಗಲದ ಕಿಂಡಿ ಬಿಡಿಸಿ, ಗೋಡೆಯಿಂದ ಆಚೆಗೆ ಚಾಚಿದ ಪೈಪಿನ ತುಂಡು ಕೂರಿಸಿದರು. ಅಜ್ಜಿ ಮನೆಯ ದೋಣಿಯ ಹಾಗೆ. ಪೈಪು ಕಟ್ಟಿಕೊಂಡ ದಿನ ನೀರು ಎರಡಿಂಚು ದಾಟುತ್ತಿದ್ದ ಹಾಗೆ ಅಲ್ಲಿಂದ ಬೀಳುತ್ತೆ. ಪಕ್ಕದವರ ಕಾಂಪೌಂಡಿಗೆ ಬೀಳದ ಹಾಗೆ, ನಮ್ಮ ಅಂಗಳದಲ್ಲಿ, ಅಡುಗೆಮನೆ ಕಿಟಕಿಯಿಂದ ಕಾಣೋ ಕಡೆ ಇಡಿಸಿ ಅಂತ ಅಮ್ಮ ಹೇಳಿದ್ದರು. ಅದು ಬರೀ ದಾರಿ ಅಷ್ಟೇ ಆಗಿರದೆ, ಗಂಟೆಯೂ ಆಯಿತು.

2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೆ ಕೋಡಿ ಬಿತ್ತು, ಈ ಸಲ ಎರಡೂವರೆ ವರ್ಷಕ್ಕೇ. ಅದಾಗಿ ಕೆಲವು ತಿಂಗಳಿಗೆ ಒಂದು ಸಂಜೆ, ಇನ್ನೇನು ಬುಲೆಟಿನ್ ಶುರುವಾಗಬೇಕು, ಅಮ್ಮನ ಫೋನ್. "ಕೋಡಿ ಬಿತ್ತು ಕಣಪ್ಪ!" ನಾನು ಮತ್ತೆ ಡ್ಯಾಮ್ ಅಂದುಕೊಂಡು ಡೆಸ್ಕಿಗೆ ಕೂಗೋದರಲ್ಲಿದ್ದೆ.

ಡ್ಯಾಮ್ ಅಲ್ಲ, ನಮ್ಮ ತಾರಸಿ. ಪೈಪಿನ ಬಾಯಿಗೆ ಪಕ್ಕದ ಮನೆ ಹುಡುಗನ ಟೀ ಶರ್ಟು ಹಾರಿ ಬಂದು ಸುತ್ತಿಕೊಂಡಿತ್ತಂತೆ. ಮಳೆ ನಿಂತ ಮೇಲೆ ಅಪ್ಪ ಹತ್ತಿ ತೆಗೆದು, ಹಿಂಡಿ, ಕಾಂಪೌಂಡಿನ ಮೇಲೆ ಒಣಗೋಕೆ ಹಾಕಿದರು.